ಬೀರುವಿನ ಕೀಲಿ, ಆರು ಟ್ಯಾಬ್

ನಾನು ಗಣಿತದ ಮೇಷ್ಟ್ರು. ಹಾಸನ ಜಿಲ್ಲೆಯ ಒಂದು ಹಳ್ಳಿ ಪ್ರೌಢಶಾಲೆ ನಮ್ಮದು. ಲೈಬ್ರರಿಯನ್ ಅಂತ ಹುದ್ದೆ ನಮ್ಮಲ್ಲಿಲ್ಲ. ಯಾರಾದರೂ ಒಬ್ಬರ ತಲೆಗೆ ಚಾರ್ಜ್ ಕಟ್ಟುತ್ತಾರೆ. ನನಗೆ ಕಟ್ಟಿದ ದಿನ ಕೈಗೆ ಬಂದದ್ದು ಮೂರು ಬೀರು, ಎರಡು ಕೀಲಿ, ಒಂದು ದಪ್ಪ ರಿಜಿಸ್ಟರ್. ಮೂರನೇ ಕೀಲಿ ಎಲ್ಲಿ ಎಂದು ಕೇಳಿದರೆ ಸ್ಟಾಫ್ ರೂಮಿನಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಚಾರ್ಜ್ ಕೊಟ್ಟವರು ಒಂದು ಬುದ್ಧಿಮಾತು ಮಾತ್ರ ಹೇಳಿದರು. "ಮಕ್ಕಳ ಕೈಗೆ ಕೊಡಬೇಡಿ ಸರ್. ಕಳೆದರೆ ನಿಮ್ಮ ಸಂಬಳಕ್ಕೇ ಬರುತ್ತೆ."

ಆ ಭಯ ಸುಳ್ಳಲ್ಲ. ಅದರಿಂದಲೇ ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಹೊಸದಾಗಿಯೇ ಮುದಿಯಾಗುತ್ತವೆ. ಅದೇ ವರ್ಷ ಹಳೆಯ ವಿದ್ಯಾರ್ಥಿಗಳು ಸೇರಿ ಆರು ಟ್ಯಾಬ್ ಕೊಡಿಸಿದರು. ಹಾರ ಹಾಕಿ, ಫೋಟೋ ತೆಗೆಸಿ, ಅವನ್ನೂ ಅದೇ ಬೀರುವಿಗೆ ಹಾಕಿ ಬೀಗ ಜಡಿದೆವು. ಮೂರು ತಿಂಗಳ ಮೇಲೆ ತೆಗೆದರೆ ಒಂದೂ ಆನ್ ಆಗಲಿಲ್ಲ, ಚಾರ್ಜ್ ಪೂರ್ತಿ ಇಳಿದಿತ್ತು. ಡಿಜಿಟಲ್ ಬಂದರೆ ಎಲ್ಲ ಬದಲಾಗುತ್ತದೆ ಅನ್ನುವವರನ್ನು ಕಂಡರೆ ನನಗೆ ಆ ಕಪ್ಪು ಸ್ಕ್ರೀನುಗಳೇ ನೆನಪಾಗುತ್ತವೆ.

ಮೂರನೇ ಬೀರುವನ್ನು ಬಡಗಿ ಕರೆಸಿ ತೆಗೆಸಿದೆ. ಕೆಳಗಿನ ಹಲಗೆ ಗೆದ್ದಲಿನ ಪಾಲಾಗಿತ್ತು. ಮೇಲಿನದರಲ್ಲಿ 'ಬಾಲ ವಿಜ್ಞಾನ'ದ ಹಳೆಯ ಸಂಚಿಕೆಗಳು, ಗೋಣಿದಾರ ಕಟ್ಟಿದ ಕಟ್ಟುಗಳು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮಾಸಪತ್ರಿಕೆ ಅದು. ಎಂಟನೇ ಕ್ಲಾಸಿನ ನಾಲ್ಕು ಮಕ್ಕಳು ನೆಲದ ಮೇಲೆ ಕೂತು ಧೂಳು ಕೊಡವುತ್ತಾ ಅಲ್ಲೇ ಓದಲು ಶುರು ಮಾಡಿದರು. ಕೆಲಸ ನಿಂತಿತು. ನಾನೂ ಸುಮ್ಮನಿದ್ದೆ.

ಮೊದಲು ಪಟ್ಟಿ ಆಗಬೇಕಿತ್ತು. ಯಾರೋ ಪುಣ್ಯಾತ್ಮರು ಅರ್ಧ ರಿಜಿಸ್ಟರನ್ನು ಆಗಲೇ ಕಂಪ್ಯೂಟರಿಗೆ ಹಾಕಿದ್ದರು, ಆದರೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಮಾಯ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂಚಲು. ಫಾಂಟ್ ಹಾಕಿಕೊಂಡರೆ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು, ಆದರೂ ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ನಲ್ಲಿ 'ಕುವೆಂಪು' ಎಂದು ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಪುಸ್ತಕ ಕಣ್ಣೆದುರೇ ಇದ್ದವು! ಕನ್ವರ್ಟರ್‌ನಲ್ಲಿ ಹಾಕಿ ಎಲ್ಲವನ್ನೂ ಯೂನಿಕೋಡ್ ಮಾಡಿದೆ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು, ಅದನ್ನು ಮಕ್ಕಳೇ ಹುಡುಕಿ ಹುಡುಕಿ ಸರಿ ಮಾಡಿದರು.

ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ನಂಬರ್ ಹಾಕುವ ಉಮೇದಿಯೂ ಇತ್ತು. ಒಂದು ವಾರದಲ್ಲಿ ಕೈಬಿಟ್ಟೆ. ಕನ್ನಡ ಸಾಹಿತ್ಯಕ್ಕೆ ಅದರಲ್ಲಿ 894.814. ನಮ್ಮ ಮುಕ್ಕಾಲು ಪಾಲು ಪುಸ್ತಕಗಳ ಬೆನ್ನಿಗೆ ಅದೇ ಉದ್ದದ ನಂಬರ್ ಬರೆದು ಯಾರಿಗೇನು ಪ್ರಯೋಜನ? ಅದರ ಬದಲು ಬಣ್ಣದ ಟೇಪ್ ಅಂಟಿಸಿದೆವು: ಕತೆಗೆ ಕೆಂಪು, ವಿಜ್ಞಾನಕ್ಕೆ ನೀಲಿ, ಜೀವನಚರಿತ್ರೆಗೆ ಹಳದಿ. ಗ್ರಂಥಾಲಯ ವಿಜ್ಞಾನ ಓದಿದವರು ಬೈಯಬಹುದು. ಆದರೆ 'ಪುಸ್ತಕ ಇರುವುದು ಬಳಸುವುದಕ್ಕೆ' ಎಂದು 1931ರಲ್ಲೇ ಗ್ರಂಥಾಲಯ ವಿಜ್ಞಾನದ ಮೊದಲ ಸೂತ್ರ ಬರೆದ ಎಸ್.ಆರ್. ರಂಗನಾಥನ್ ಅವರೂ ಮೊದಲು ಗಣಿತದ ಮೇಷ್ಟ್ರೇ. ಅವರು ಕ್ಷಮಿಸುತ್ತಾರೆ ಎಂದುಕೊಂಡಿದ್ದೇನೆ.

ಆಮೇಲೆ 'ಬಾಲ ವಿಜ್ಞಾನ'. ಪುಸ್ತಕದ ಪಟ್ಟಿಯಲ್ಲಿ ಒಂದು ಸಂಚಿಕೆಗೆ ಒಂದು ಸಾಲು ಸಿಗುತ್ತದೆ. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಒಂದೊಂದು ಲೇಖನಕ್ಕೂ ಒಂದೊಂದು ಸಾಲು ಮಾಡಿದೆವು: ವಿಷಯ, ತಿಂಗಳು, ವರ್ಷ, ಪುಟ, ಕಟ್ಟಿನ ನಂಬರ್. ಒಬ್ಬರು ಓದಿ ಹೇಳುವುದು, ಇನ್ನೊಬ್ಬರು ಟೈಪ್ ಮಾಡುವುದು. ಒಂದು ಪೂರ್ತಿ ವರ್ಷ ಹಿಡಿಯಿತು. ಈಗ ಟ್ಯಾಬಿನಲ್ಲಿ 'ಗ್ರಹಣ' ಎಂದು ಹುಡುಕಿದರೆ 'ನೀಲಿ ಬೀರು, ಕಟ್ಟು 4' ಎಂದು ಬರುತ್ತದೆ. ಎದ್ದು ಹೋಗಿ ತೆಗೆದುಕೊಳ್ಳುತ್ತಾರೆ. ಈ ಲೈಬ್ರರಿಯಲ್ಲಿ ನಾವು ಮಾಡಿದ್ದರಲ್ಲಿ ನನಗೆ ಜಾಸ್ತಿ ಹೆಮ್ಮೆ ಇರುವುದು ಇದೊಂದರ ಮೇಲೆ.

ಇಂಟರ್ನೆಟ್ ನಮ್ಮಲ್ಲಿ ಮಳೆ ಬಂದರೆ ಹೋಗುತ್ತದೆ, ಬಿಸಿಲು ಬಂದರೂ ಬರುವ ಖಾತ್ರಿ ಇಲ್ಲ. ಹಳೆಯ ಒಂದು ಕಂಪ್ಯೂಟರಿಗೆ ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಕಿವಿಕ್ಸ್ ಎಂಬ ತಂತ್ರಾಂಶ ಹಾಕಿ, ಕನ್ನಡ ವಿಕಿಪೀಡಿಯವನ್ನು ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದೆ. ಒಂದು ಸಣ್ಣ ವೈಫೈ ರೂಟರ್ ಸೇರಿಸಿದರೆ ಆರೂ ಟ್ಯಾಬುಗಳಲ್ಲಿ ಅದು ತೆರೆಯುತ್ತದೆ, ನೆಟ್ ಬೇಕಿಲ್ಲ. ಪಾಸ್‌ವರ್ಡನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದೇನೆ. ಅದನ್ನು ಮುಚ್ಚಿಟ್ಟರೆ ಬೀರುವಿನ ಕೀಲಿಗೂ ಅದಕ್ಕೂ ಏನು ವ್ಯತ್ಯಾಸ, ಅಲ್ವಾ?

ಇಲ್ಲಿ ಒಂದು ತೊಡಕು ಎದುರಾಯಿತು. ಒಂಬತ್ತನೇ ಕ್ಲಾಸಿನ ಹುಡುಗಿ ಬಂದು, "ಸರ್, ಇದರಲ್ಲಿ ಹೃದಯಾನೇ ಇಲ್ಲ" ಎಂದಳು. ನೋಡಿದರೆ 'ಹ್ರದಯ' ಎಂದು ಟೈಪ್ ಮಾಡಿದ್ದಳು. ನೋಟ್‌ಬುಕ್ಕಿನಲ್ಲಾದರೆ ಕೆಂಪು ಗೆರೆ ಎಳೆದು ಅರ್ಧ ಮಾರ್ಕ್ ಕಳೆಯುತ್ತೇವೆ, ಅಷ್ಟೇ. ಇಲ್ಲಿ ವಟ್ರಸುಳಿ ತಪ್ಪಿದರೆ ಬಾಗಿಲೇ ತೆಗೆಯುವುದಿಲ್ಲ. ಅವತ್ತೇ ಕನ್ನಡ ಸಾಹಿತ್ಯ ಪರಿಷತ್ತಿನ ರತ್ನಕೋಶವನ್ನು ಕಂಪ್ಯೂಟರಿನ ಪಕ್ಕಕ್ಕೆ ತಂದಿಟ್ಟೆ. ಬೀರುವಿನಲ್ಲಿದ್ದಾಗ ಯಾರೂ ಮುಟ್ಟದ ನಿಘಂಟು ಈಗ ರಟ್ಟು ಹರಿದು ಎರಡು ಸಲ ಬೈಂಡ್ ಆಗಿದೆ.

ಶಾಲಾ ಪಾಠಗಳ ಸರ್ಕಾರಿ ದೀಕ್ಷಾ ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಬಲ್ಲರು. ಒಂದು ಮಾತು ಮಾತ್ರ: ಪಠ್ಯಪುಸ್ತಕದ ಕ್ಯೂಆರ್ ಕೋಡಿನ ಕೆಳಗೆ ಆರು ಅಕ್ಷರಗಳ ಒಂದು ಕೋಡ್ ಇರುತ್ತದೆ. ಟ್ಯಾಬಿನ ಕ್ಯಾಮೆರಾ ಕೈಕೊಟ್ಟರೆ ಅದನ್ನು ಟೈಪ್ ಮಾಡಿದರೂ ಸಾಕು. ಪಾಠಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಪಿಡಿಎಫ್ ಪುಸ್ತಕಗಳನ್ನು ನಾನು ಸೇರಿಸಲಿಲ್ಲ. ಮನಸ್ಸಾಗಿತ್ತು, ನಿಜ. ಆದರೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಬರಹಗಳಿಗೆ ಆ ತೊಡಕಿಲ್ಲ, ಅವು ಟ್ಯಾಬಿನಲ್ಲಿವೆ. ಸ್ಟೋರಿವೀವರ್ ಎಂಬ ಜಾಲತಾಣದ ಮಕ್ಕಳ ಕತೆಗಳು ಹಂಚಿಕೊಳ್ಳಲೆಂದೇ ಬಿಟ್ಟವು, ಅವೂ ಇವೆ.

ಮೊದಲ ವರ್ಷ ಒಂಬತ್ತು ಪುಸ್ತಕ ಕಾಣೆಯಾದವು. ಐದು ಬೇಸಿಗೆ ರಜೆ ಮುಗಿದ ಮೇಲೆ ತಾವಾಗಿಯೇ ಬಂದವು, ಒಂದರೊಳಗೆ ಮದುವೆ ಕರೆಯೋಲೆ ಇತ್ತು. ಉಳಿದ ನಾಲ್ಕನ್ನು ಕೈಯಿಂದ ಕೊಂಡು ಇಟ್ಟೆ. ಸಂಬಳಕ್ಕೆ ಬಂತೇ? ಬಂತು. ನಾಲ್ಕು ಪುಸ್ತಕದಷ್ಟು.

ಕಂಪ್ಯೂಟರಿನ ಪಕ್ಕ ಒಂದು ನೂರು ಪುಟದ ನೋಟ್‌ಬುಕ್ಕನ್ನು ದಾರ ಕಟ್ಟಿ ನೇತುಹಾಕಿದ್ದೇವೆ. ಹೆಸರು 'ಸಿಗಲಿಲ್ಲ'. ಹುಡುಕಿ ಸಿಗದದ್ದನ್ನು ಅದರಲ್ಲಿ ಬರೆಯಬೇಕು. ಹೋದ ತಿಂಗಳು ಒಬ್ಬ ಹುಡುಗ ಬರೆದಿದ್ದ: 'ನಮ್ಮೂರ ಕೆರೆ ಕಟ್ಟಿಸಿದ್ದು ಯಾರು?' ಬೀರುವಿನಲ್ಲೂ ಇಲ್ಲ, ವಿಕಿಪೀಡಿಯದಲ್ಲೂ ಇಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ ನಮ್ಮ ಜಿಲ್ಲೆಯ ಶಾಸನಗಳದ್ದು. ಅದರ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ರಾತ್ರಿ ಇಳಿಸಿಕೊಂಡು ಬೆಳಿಗ್ಗೆ ಇಬ್ಬರೂ ಕೂತು ತಾಲ್ಲೂಕಿನ ಪುಟಗಳನ್ನು ಒಂದೊಂದಾಗಿ ತಿರುವಿದೆವು. ನಮ್ಮೂರಿನ ಹೆಸರು ಸಿಕ್ಕಿತು. ಆದರೆ ಆ ಕಲ್ಲು ದೇವಸ್ಥಾನದ್ದು, ಕೆರೆಯದ್ದಲ್ಲ. ಆ ಪುಟವನ್ನು ಪ್ರಿಂಟ್ ತೆಗೆದು, ರಿಜಿಸ್ಟರಿನಲ್ಲಿ ನಂಬರ್ ಕೊಟ್ಟು ಫೈಲಿಗೆ ಸೇರಿಸಿದೆವು. ನೋಟ್‌ಬುಕ್ಕಿನ ಆ ಸಾಲನ್ನು ಹುಡುಗ ಇನ್ನೂ ಹೊಡೆದುಹಾಕಿಲ್ಲ. ಶನಿವಾರ ಮಧ್ಯಾಹ್ನ ತೂಬಿನ ಹತ್ತಿರ ಹೋಗಿ ನೋಡೋಣ ಸರ್, ಅಲ್ಲೊಂದು ಕಲ್ಲಿದೆ ಅನ್ನುತ್ತಿದ್ದಾನೆ.