ಊಟಕ್ಕೆ ಮೊದಲು ಒಂದು ತಟ್ಟೆ ಬಜ್ಜಿ

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಸಣ್ಣ ಹೋಟೆಲಿನಲ್ಲಿ ಊಟಕ್ಕೆ ಕೂತವರು ಮೊದಲು ಕೇಳುವುದು ತರಕಾರಿ ಬಜ್ಜಿಯ ತಟ್ಟೆ. ಅದರಲ್ಲಿ ಎರಡು ಮೆಣಸಿನಕಾಯಿ, ಹೀರೇಕಾಯಿ, ಬದನೆಕಾಯಿ, ಬಾಳೆಕಾಯಿಯ ಎರಡೆರಡು ಹೋಳು, ಒಂದು ಹಿಡಿ ಈರುಳ್ಳಿ ಪಕೋಡ, ಪಕ್ಕದ ಬಟ್ಟಲಲ್ಲಿ ಮಂಡಕ್ಕಿ ಇರುತ್ತವೆ. ಬೇರೆ ಕಡೆ ಸ್ಟಾರ್ಟರ್ ಅಂದರೆ ಗೋಬಿ ಮಂಚೂರಿ ಅಥವಾ ಬೇಬಿಕಾರ್ನ್. ನಮ್ಮಲ್ಲೂ ಗೋಬಿ ಇದೆ, ಅದರ ಮಾತು ಆಮೇಲೆ. ಆದರೆ ಸಂಜೆಯಾದರೆ ಊರಿಗೂರೇ ಮಂಡಕ್ಕಿ-ಮೆಣಸಿನಕಾಯಿ ತಿನ್ನುವ ಊರಲ್ಲಿ ಹೋಟೆಲು ಇಟ್ಟುಕೊಂಡು, ಅದೇ ತಿಂಡಿಯನ್ನು ಮೇಜಿನ ಮೇಲೆ ತರದೇ ಇರುವುದು ನನಗೆ ಸರಿ ಕಾಣಲಿಲ್ಲ.

ತರಬೇಕೆಂದು ಹೊರಟಾಗ ಒಂದು ವಿಷಯ ಸ್ಪಷ್ಟವಾಗಿತ್ತು. ಗಾಡಿಯ ಮುಂದೆ ನಿಂತು ತಿನ್ನುವವರಿಗೆ ಬಾಣಲೆಯಿಂದ ತೆಗೆದ ಬಜ್ಜಿ ನೇರ ಕೈಗೆ ಬರುತ್ತದೆ. ಹೋಟೆಲಿನಲ್ಲಿ ಹಾಗಲ್ಲ. ಅಡುಗೆಮನೆಯಿಂದ ಮೇಜಿಗೆ ಹೋಗಬೇಕು, ಮೇಜಿನಲ್ಲಿ ಮಾತು ನಡೆಯುತ್ತಿರುತ್ತದೆ, ಮಕ್ಕಳು ಕೈ ತೊಳೆಯಲು ಹೋಗಿರುತ್ತಾರೆ. ಬಜ್ಜಿ ಹತ್ತು ನಿಮಿಷವಾದರೂ ಗರಿಗರಿಯಾಗಿ ನಿಲ್ಲಬೇಕು. ಇದರ ಹಿಂದೆ ಬಿದ್ದು ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ. ಬಜ್ಜಿ ಕೆಡುವುದು ಎಣ್ಣೆಯಿಂದಲೇ ಎಂದು ಜನ ತಿಳಿದಿರುತ್ತಾರೆ. ಬಹಳ ಸಲ ಅದನ್ನು ಕೆಡಿಸುವುದು ತರಕಾರಿಯೊಳಗಿನ ನೀರು. ಯಾವ ತರಕಾರಿಯಲ್ಲಿ ಎಷ್ಟು ನೀರಿದೆ, ಅದು ಯಾವಾಗ ಹೊರಗೆ ಬರುತ್ತದೆ ಎಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾದ ಎಣ್ಣೆಗೆ ಬಿಟ್ಟ ಬಜ್ಜಿಯ ಸುತ್ತ ಗುಳ್ಳೆ ಏಳುತ್ತವಲ್ಲ, ಅದು ನೀರು ಆವಿಯಾಗಿ ಹೊರಗೆ ನುಗ್ಗುವುದು. ಆವಿ ಜೋರಾಗಿ ಹೊರಗೆ ಬರುತ್ತಿರುವ ತನಕ ಎಣ್ಣೆಗೆ ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಎಣ್ಣೆ ತಣ್ಣಗಿದ್ದರೆ ಆವಿಯ ಜೋರು ಕಡಿಮೆಯಾಗಿ ಹಿಟ್ಟು ಎಣ್ಣೆ ಕುಡಿಯುತ್ತದೆ. ಇನ್ನೊಂದು ಸಂಗತಿ ಬಹಳ ಜನ ಗಮನಿಸುವುದಿಲ್ಲ: ಬಜ್ಜಿ ಎಣ್ಣೆಯನ್ನು ಹೆಚ್ಚಾಗಿ ಒಳಗೆಳೆದುಕೊಳ್ಳುವುದು ಬಾಣಲೆಯಿಂದ ತೆಗೆದ ಮೇಲೆ. ತಣಿಯುವಾಗ ಒಳಗಿನ ಆವಿ ಮತ್ತೆ ನೀರಾಗಿ ಕುಗ್ಗುತ್ತದೆ, ಆ ಸೆಳೆತಕ್ಕೆ ಮೇಲ್ಮೈಗೆ ಅಂಟಿದ ಎಣ್ಣೆ ಒಳಗೆ ಹೋಗುತ್ತದೆ. ಅದಕ್ಕೇ ಜಾರದಲ್ಲಿ ಎತ್ತಿದ ಬಜ್ಜಿಯನ್ನು ಬಾಣಲೆಯ ಮೇಲೇ ಹಿಡಿದು ಎರಡು ಸಲ ಗಟ್ಟಿಯಾಗಿ ಝಾಡಿಸಬೇಕು. ಆಮೇಲೆ ತಂತಿ ಜಾಲರಿಯ ಮೇಲೆ ಒಂದರ ಪಕ್ಕ ಒಂದು ಇಡಬೇಕು. ಪಾತ್ರೆಯಲ್ಲಿ ರಾಶಿ ಹಾಕಿದರೆ ಕೆಳಗಿನವು ತಮ್ಮದೇ ಹಬೆಗೆ ಮೆತ್ತಗಾಗುತ್ತವೆ. ನಮ್ಮ ಹುಡುಗರಿಗೆ ನಾನು ಮೊದಲು ಕಲಿಸುವುದು ಈ ಝಾಡಿಸುವುದನ್ನೇ. ಹಿಟ್ಟು ಕಲಸುವುದನ್ನು ಆಮೇಲೆ.

ಹಿಟ್ಟಿಗೆ ಒಂದು ಕೆಜಿ ಕಡ್ಲೆಹಿಟ್ಟು, ನೂರೈವತ್ತು ಗ್ರಾಂ ಅಕ್ಕಿಹಿಟ್ಟು, ಅಂಗೈಯಲ್ಲಿ ಉಜ್ಜಿದ ಓಂಕಾಳು, ಉಪ್ಪು, ಸ್ವಲ್ಪ ಅರಿಶಿನ. ಅಕ್ಕಿಹಿಟ್ಟು ಗರಿಗರಿ ಕೊಡುತ್ತದೆ, ಆದರೆ ಹೆಚ್ಚಾದರೆ ಬಜ್ಜಿ ಆರಿದ ಮೇಲೆ ಗಟ್ಟಿಯಾಗುತ್ತದೆ. ಸೋಡಾ ಚಿಟಿಕೆಯಷ್ಟೇ ಸಾಕು. ಸೋಡಾ ಜಾಸ್ತಿಯಾದರೆ ಹಿಟ್ಟಿನಲ್ಲಿ ತೂತು ಹೆಚ್ಚಿ ಎಣ್ಣೆ ಒಳಗೆ ತುಂಬುತ್ತದೆ. ಒಳಗೆ ಬೇಯುವ ಮೊದಲೇ ಮೇಲೆ ಕೆಂಪಾಗಿಬಿಡುತ್ತದೆ, ಏಕೆಂದರೆ ಕ್ಷಾರ ಸೇರಿದಷ್ಟೂ ಬಣ್ಣ ಬೇಗ ಏರುತ್ತದೆ. ನಾನು ಸೋಡಾವನ್ನು ಒಲೆಯ ಮುಂದೆ ನಿಂತ ಮೇಲೆ ಕೊನೆಗೆ ಹಾಕುತ್ತೇನೆ, ಅದರ ಹಿಂದೆಯೇ ಒಂದು ಸೌಟು ಕಾದ ಎಣ್ಣೆ ಸುರಿದು ಕಲಸುತ್ತೇನೆ. ಮೈದಾದಂತೆ ಕಡ್ಲೆಹಿಟ್ಟಿನಲ್ಲಿ ಜಿಗುಟು ಏಳುವುದಿಲ್ಲ, ಹಾಗಾಗಿ ಎಷ್ಟು ಕಲಸಿದರೂ ನಾರು ಬರುವುದಿಲ್ಲ. ಗಂಟು ಉಳಿಯದ ಹಾಗೆ ಧೈರ್ಯವಾಗಿ ಕಲಸಬಹುದು.

ಮೆಣಸಿನಕಾಯಿಗೆ ಬರೋಣ. ನಮ್ಮ ಕಡೆ ಬಜ್ಜಿಗೆ ಬೇಕಾದದ್ದು ತೆಳು ಹಸಿರಿನ, ಉದ್ದನೆಯ ಕಾಯಿ. ಕೆ.ಆರ್. ಮಾರ್ಕೆಟ್ಟಿನಲ್ಲಿ ನನಗೆ ಕಾಯಿ ಕೊಡುವ ಹೆಂಗಸು, 'ಬಗ್ಗಿಸಿ ನೋಡ್ರಿ ಅಕ್ಕಾ, ಪಟ್ ಅಂದ್ರೆ ತಗೊಳ್ರಿ, ಬಗ್ಗಿದ್ರೆ ಬಿಡ್ರಿ' ಅನ್ನುತ್ತಾಳೆ. ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ತೊಟ್ಟು ಕೀಳಬಾರದು. ತಿನ್ನುವವರಿಗೆ ಅದೇ ಹಿಡಿ. ತೊಟ್ಟಿನ ಬುಡಕ್ಕೆ ಬೆರಳಗಲ ಬಿಟ್ಟು ಒಂದೇ ಕಡೆ ಸೀಳುತ್ತೇನೆ. ಸೀಳದೆ ಬಿಟ್ಟರೆ ಒಳಗೆ ಹಬೆ ತುಂಬಿ ಕಾಯಿ ಎಣ್ಣೆಯಲ್ಲೇ ಸಿಡಿದು, ಮುಂದೆ ನಿಂತವರ ಕೈಮುಖದ ಮೇಲೆ ಎಣ್ಣೆ ಹಾರುವ ಅಪಾಯವಿದೆ. ಖಾರ ಬೀಜದಲ್ಲಿದೆ ಎಂದು ಎಲ್ಲರೂ ಅನ್ನುತ್ತಾರೆ, ಆದರೆ ಅದು ನಿಜಕ್ಕೂ ಕೂತಿರುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಮಕ್ಕಳಿರುವ ಮೇಜಿಗೆ ಆ ತಿರುಳನ್ನು ಚಮಚದ ಹಿಡಿಯಿಂದ ಎಳೆದು ತೆಗೆಯುತ್ತೇನೆ, ಖಾರ ಬೇಕೆನ್ನುವವರಿಗೆ ಹಾಗೇ ಬಿಡುತ್ತೇನೆ. ಒಳಗೆ ಉಪ್ಪು, ಜೀರಿಗೆ ಪುಡಿ, ಓಂಕಾಳು, ಗಟ್ಟಿ ಹುಣಸೆ ರಸ ಸೇರಿಸಿದ ಮಸಾಲೆಯನ್ನು ತೆಳ್ಳಗೆ ಸವರುತ್ತೇನೆ. ಹುಣಸೆಯ ಹುಳಿ ಖಾರವನ್ನು ಸ್ವಲ್ಪ ಹಿಡಿತದಲ್ಲಿಟ್ಟ ಹಾಗೆ ನಾಲಿಗೆಗೆ ಅನ್ನಿಸುತ್ತದೆ. ಖಾರ ಹತ್ತಿದವರು ನೀರು ಕುಡಿಯುತ್ತಾರೆ, ಆದರೆ ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ತಟ್ಟೆಯ ಜೊತೆ ಯಾವಾಗಲೂ ಗಟ್ಟಿ ಮೊಸರು ಇಡುತ್ತೇವೆ.

ಈರುಳ್ಳಿ ನನ್ನ ಅಚ್ಚುಮೆಚ್ಚಿನದು. ನಮ್ಮ ಜಗಳೂರು, ಪಕ್ಕದ ಚಿತ್ರದುರ್ಗ, ಚಳ್ಳಕೆರೆ ಇವೆಲ್ಲ ಈರುಳ್ಳಿ ಬೆಳೆಯುವ ಸೀಮೆ, ಹಾಗಾಗಿ ಒಳ್ಳೆಯ ಗಡ್ಡೆಗೆ ನಮಗೆ ಬರವಿಲ್ಲ. ಆದರೆ ಮುಂಗಾರಿನ ಹೊಸ ಈರುಳ್ಳಿ ಬಂದಾಗ ಅದರಲ್ಲಿ ನೀರು ಹೆಚ್ಚು. ಹಳೆಯ, ಚೆನ್ನಾಗಿ ಒಣಗಿದ ಗಡ್ಡೆಯಲ್ಲಿ ಕಡಿಮೆ. ಪಕೋಡಕ್ಕೆ ಈರುಳ್ಳಿಯನ್ನು ಉದ್ದುದ್ದ ಹೆಚ್ಚಿ, ಎಸಳು ಬಿಡಿಸಿ, ಉಪ್ಪು ಹಾಕಿ ಹಿಸುಕಿ ಹತ್ತು ನಿಮಿಷ ಬಿಡುತ್ತೇನೆ. ಉಪ್ಪು ಅದರ ನೀರನ್ನು ಹೊರಗೆಳೆಯುತ್ತದೆ. ಆ ನೀರಿಗೇ ಹಿಟ್ಟು ಉದುರಿಸಿಕೊಂಡು ಕಲಸಬೇಕು, ಬೇರೆ ನೀರು ಮುಟ್ಟಿಸಬಾರದು. ಹಿಟ್ಟು ಎಸಳಿಗೆ ಹಿಡಿದರೆ ಸಾಕು, ಉಂಡೆಯಾಗಬಾರದು. ಬಾಣಲೆಗೆ ಬೆರಳಿನಿಂದ ಚದುರಿಸಿ ಬಿಡುತ್ತೇನೆ. ಅಂಚು ಕೆಂಪಾಗಿ ಒಳಗೆ ಸಿಹಿ ಉಳಿದ ಈರುಳ್ಳಿ ಪಕೋಡದ ಮುಂದೆ ನನಗೆ ಬೇರೆ ಯಾವ ಸ್ಟಾರ್ಟರೂ ಬೇಡ. ಹೊಸ ಈರುಳ್ಳಿಯ ಕಾಲದಲ್ಲಿ ಹಿಟ್ಟು ಒಂದು ಹಿಡಿ ಜಾಸ್ತಿ ಬೇಕಾಗುತ್ತದೆ. ಅಳತೆ ನೋಡಿ ಹಾಕಿದರೆ ಆಗದು, ಕೈಗೆ ಗೊತ್ತಾಗಬೇಕು.

ಹೀರೇಕಾಯಿಯ ಲೆಕ್ಕ ತದ್ವಿರುದ್ಧ. ಅದರಲ್ಲಿ ಇರುವುದೆಲ್ಲ ನೀರೇ ಎನ್ನಬಹುದು. ಅದಕ್ಕೆ ಮೊದಲೇ ಉಪ್ಪು ಹಾಕಿಟ್ಟರೆ ಹೋಳು ಒದ್ದೆಯಾಗಿ ಹಿಟ್ಟು ಜಾರಿ ಹೋಗುತ್ತದೆ. ಎಳೆಯ ಕಾಯಿಯ ಏಣನ್ನಷ್ಟೇ ಕೆರೆದು, ಓರೆಯಾಗಿ ಹೆಚ್ಚಿ, ಬಟ್ಟೆಯಿಂದ ಒತ್ತಿ, ಕೂಡಲೇ ಹಿಟ್ಟಿನಲ್ಲಿ ಅದ್ದಿ ಬಿಡಬೇಕು. ಇದಕ್ಕೆ ಹಿಟ್ಟು ಸ್ವಲ್ಪ ಗಟ್ಟಿ ಇರಬೇಕು. ಸರಿಯಾಗಿ ಬಂದರೆ ಮೇಲೆ ಗರಿಗರಿ, ಕಚ್ಚಿದರೆ ಒಳಗೆ ರಸ. ಏಣು ಕೆರೆದ ಸಿಪ್ಪೆಯನ್ನು ನಾವು ಎಸೆಯುವುದಿಲ್ಲ, ಉದ್ದಿನಬೇಳೆ ಹುರಿದು ಅದರದ್ದೇ ಚಟ್ನಿ ಮಾಡಿ ಇದೇ ತಟ್ಟೆಗೆ ಇಡುತ್ತೇವೆ.

ಬದನೆಕಾಯಿ ಒಳಗೆಲ್ಲ ಗಾಳಿ ತುಂಬಿದ ಸ್ಪಂಜಿನ ಹಾಗೆ. ಎಣ್ಣೆ ಕಂಡರೆ ಹೀರಿಕೊಳ್ಳುತ್ತದೆ. ಆದ್ದರಿಂದ ಗುಂಡು ಬದನೆಯನ್ನು ಅರ್ಧ ಬೆರಳು ದಪ್ಪ ಬಿಲ್ಲೆ ಮಾಡಿ ಉಪ್ಪು ನೀರಿನಲ್ಲಿ ಇಡುತ್ತೇನೆ. ಬಣ್ಣವೂ ಕಪ್ಪಾಗುವುದಿಲ್ಲ, ಉಪ್ಪಿಗೆ ಮೈ ಸ್ವಲ್ಪ ಮೆತ್ತಗಾಗಿ ಒಳಗಿನ ಗಾಳಿ ಜಾಗವೂ ಕುಗ್ಗುತ್ತದೆ. ಆಮೇಲೆ ಚೆನ್ನಾಗಿ ಒರೆಸಬೇಕು. ಬಿಲ್ಲೆಯ ಸುತ್ತ ಎಲ್ಲೂ ಬರಿ ಮೈ ಕಾಣದ ಹಾಗೆ ಹಿಟ್ಟು ಹಿಡಿದಿರಬೇಕು. ಒಂದು ಕಡೆ ಬಿಟ್ಟುಹೋದರೂ ಅಲ್ಲಿಂದಲೇ ಎಣ್ಣೆ ಒಳಗೆ ಹೋಗುತ್ತದೆ. ಬಾಳೆಕಾಯಿಗೆ ಮಜ್ಜಿಗೆ ನೀರು ಸಾಕು, ಅದು ಅಷ್ಟೊಂದು ಕಾಡುವುದಿಲ್ಲ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬಾರದು ಎಂಬುದೊಂದೇ ನನ್ನ ಮಾತು. ತಣ್ಣಗೆ ಇಟ್ಟ ಗಡ್ಡೆಯ ಪಿಷ್ಟ ಸಕ್ಕರೆಯಾಗಿ, ಕರಿದಾಗ ಬೇಗ ಕಪ್ಪಾಗಿ ಕಹಿ ಬರುತ್ತದೆ.

ಗೋಬಿಯ ಮಾತಿಗೆ ಬಂದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಯ್ದ ಮಾದರಿಗಳಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋದಂಥ ಬಣ್ಣಗಳು ಸಿಕ್ಕಿದ್ದವು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಈ ನಿಷೇಧ ಬಂತು. ಬಹಳ ಒಳ್ಳೆಯದಾಯಿತು ಎಂದು ನನ್ನ ಅಭಿಪ್ರಾಯ. ನಾಲ್ಕು ವರ್ಷದ ಮಗು ಕೈಯಲ್ಲಿ ಹಿಡಿದು ತಿನ್ನುವ ತಿಂಡಿಗೆ ಬಟ್ಟೆಯ ಬಣ್ಣದ ಹೊಳಪು ಯಾಕೆ ಬೇಕು? ಕೆಂಪು ಬೇಕೇಬೇಕು ಅಂದರೆ ಬ್ಯಾಡಗಿ ಮೆಣಸಿನಕಾಯಿ ಇದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣ ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಬಿಡುವುದಿಲ್ಲ. ಹಾಗಾಗಿ ಬ್ಯಾಡಗಿ ಪುಡಿಯನ್ನು ಎರಡು ಚಮಚ ಬಿಸಿ ಎಣ್ಣೆಯಲ್ಲಿ ಕಲಸಿಟ್ಟು ಆಮೇಲೆ ಹಿಟ್ಟಿಗೆ ಸೇರಿಸುತ್ತೇನೆ. ಬರುವ ಬಣ್ಣ ಅಂಗಡಿಯ ಪುಡಿಯಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಇಟ್ಟಿಗೆ ಕೆಂಪು. ಶುರುವಿನಲ್ಲಿ ಗಿರಾಕಿಗಳು 'ಯಾಕಕ್ಕಾ, ಗೋಬಿ ಬಣ್ಣ ಕಡಿಮೆ ಐತಲ್ಲ' ಎಂದು ಕೇಳುತ್ತಿದ್ದರು. ಬ್ಯಾಡಗಿ ಕಾಯಿಯನ್ನೇ ತಂದು ತೋರಿಸುತ್ತಿದ್ದೆ.

ಗೋಬಿಯನ್ನು ಅರಿಶಿನ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿಟ್ಟರೆ ಹುಳವಿದ್ದರೆ ಹೊರಗೆ ಬರುತ್ತದೆ. ಆದರೆ ಅಲ್ಲಿಂದ ತೆಗೆದ ಮೇಲೆ ಬಟ್ಟೆಯ ಮೇಲೆ ಹರಡಿ ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಬೇಕು. ಮೊದಲು ಹದವಾದ ಉರಿಯಲ್ಲಿ ಬೇಯುವಷ್ಟು ಕರಿದು ತೆಗೆದು, ಆರಿದ ಮೇಲೆ ಜೋರು ಉರಿಯಲ್ಲಿ ಎರಡನೇ ಸಲ ಕರಿಯುತ್ತೇವೆ. ಆರುವಾಗ ಒಳಗಿನ ತೇವ ಮೇಲಿನ ಪದರಕ್ಕೆ ಬರುತ್ತದೆ, ಎರಡನೇ ಕರಿತದಲ್ಲಿ ಅದು ಹಾರಿಹೋಗುತ್ತದೆ. ಅದಕ್ಕೇ ಬಹಳ ಹೊತ್ತು ಗರಿಗರಿ ಉಳಿಯುತ್ತದೆ.

ಎಣ್ಣೆಯ ವಿಚಾರದಲ್ಲಿ ನಮಗೆ ಚಳ್ಳಕೆರೆ ಹತ್ತಿರವಿರುವುದು ಪುಣ್ಯ. ಶೇಂಗಾ ಎಣ್ಣೆಯ ಗಿರಣಿಗಳಿಗೆ ಹೆಸರಾದ, ಎಣ್ಣೆ ನಗರಿ ಎಂದೇ ಕರೆಸಿಕೊಂಡ ಊರು ಅದು. ಕರಿಯಲು ನಾನು ರಿಫೈನ್ಡ್ ಶೇಂಗಾ ಎಣ್ಣೆ ಬಳಸುತ್ತೇನೆ. ಗಾಣದ ಎಣ್ಣೆಯ ಘಮ ಚಟ್ನಿಪುಡಿಗೆ, ಒಗ್ಗರಣೆಗೆ ಚೆನ್ನ, ದಿನವಿಡೀ ಬಾಣಲೆಯಲ್ಲಿ ಕಾಯಿಸಿದರೆ ಬೇಗ ಹೊಗೆಯಾಡಿ ನೊರೆ ಬರುತ್ತದೆ. ಬಜ್ಜಿಗೆ ಎಣ್ಣೆ 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ನಮ್ಮಲ್ಲಿ ಥರ್ಮಾಮೀಟರ್ ಇದೆ. ಅದಿಲ್ಲದ ಮನೆಯಲ್ಲಿ ಒಂದು ಹನಿ ಹಿಟ್ಟು ಬಿಟ್ಟು ನೋಡಬಹುದು. ತಳ ಮುಟ್ಟಿ ಕೂಡಲೇ ಮೇಲೆದ್ದರೆ ಹದ, ತಳದಲ್ಲೇ ಕೂತರೆ ಇನ್ನೂ ಕಾಯಬೇಕು, ಬಿಡುತ್ತಲೇ ಕಂದಿದರೆ ಉರಿ ಇಳಿಸಬೇಕು. ಒಂದೇ ಸಲಕ್ಕೆ ಬಾಣಲೆ ತುಂಬ ಬಿಟ್ಟರೆ ಎಂಥ ಎಣ್ಣೆಯೂ ತಣಿಯುತ್ತದೆ. ಭಾನುವಾರ ರಾತ್ರಿ ಎಷ್ಟೇ ಗದ್ದಲವಿದ್ದರೂ ಬಾಣಲೆಯ ಮೇಲ್ಮೈಯಲ್ಲಿ ಅರ್ಧದಷ್ಟು ಜಾಗ ಖಾಲಿ ಇರಲೇಬೇಕೆಂದು ಹುಡುಗರಿಗೆ ಹೇಳಿದ್ದೇನೆ.

ಉದುರಿದ ಹಿಟ್ಟಿನ ಕಣಗಳನ್ನು ಪ್ರತಿ ಸಲವೂ ಬಳಿದು ತೆಗೆಯಬೇಕು, ಎಣ್ಣೆಯನ್ನು ಬೇಗ ಕೆಡಿಸುವುದು ಆ ಸುಟ್ಟ ಕಣಗಳೇ. ಬಳಸಿದ ಎಣ್ಣೆಯಲ್ಲಿ ಕಾದು ಕಾದು ಹುಟ್ಟುವ ಪೋಲಾರ್ ಸಂಯುಕ್ತಗಳು ನೂರಕ್ಕೆ 25ನ್ನು ಮೀರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ನಾನು ಆ ಅಂಚಿನ ತನಕ ಕಾಯುವುದಿಲ್ಲ. ಬಣ್ಣ ಗಾಢವಾಗಿ, ನೊರೆ ಇಳಿಯದೆ ನಿಂತು, ಎಣ್ಣೆ ಮಂದವಾಯಿತೆಂದರೆ ಅದು ಡಬ್ಬಕ್ಕೆ. ಬಯೋಡೀಸೆಲ್ ಮಾಡುವವರು ಬಂದು ಒಯ್ಯುತ್ತಾರೆ. ಹಳೆ ಎಣ್ಣೆಯನ್ನು ಕಡಿಮೆ ಬೆಲೆಗೆ ಕೇಳಿಕೊಂಡು ಬರುವವರೂ ಇದ್ದಾರೆ. ಅವರಿಗೆ ಎಂದೂ ಕೊಡುವುದಿಲ್ಲ, ಅದು ಮತ್ತೆ ಯಾರದೋ ಹೊಟ್ಟೆಗೆ ಹೋಗುತ್ತದೆ.

ಮಂಡಕ್ಕಿ ಈ ಊರಿನ ಭಟ್ಟಿಗಳದ್ದೇ. ಕಾದ ಮರಳಿನಲ್ಲಿ ಅರಳಿದ ಮಂಡಕ್ಕಿಗೆ ಹುರಿಗಡಲೆ ಪುಡಿ, ಬೆಳ್ಳುಳ್ಳಿ, ಖಾರ ಹಾಕಿ ಒಗ್ಗರಣೆ ಕೊಡುತ್ತೇವೆ. ಇದನ್ನು ತಟ್ಟೆಯಲ್ಲಿಡುವುದಕ್ಕೆ ರುಚಿಯ ಜೊತೆ ಇನ್ನೊಂದು ಕಾರಣವೂ ಇದೆ. ಬಜ್ಜಿಯ ಎಣ್ಣೆಯ ಭಾರವನ್ನು ಒಣ ಮಂಡಕ್ಕಿ ಹಗುರ ಮಾಡುತ್ತದೆ, ಊಟಕ್ಕೆ ಹೊಟ್ಟೆಯಲ್ಲಿ ಜಾಗ ಉಳಿಯುತ್ತದೆ. ಒಂದು ತುಂಡು ಮೆಣಸಿನಕಾಯಿ ಕಚ್ಚಿ, ಹಿಂದೆಯೇ ಒಂದು ಹಿಡಿ ಮಂಡಕ್ಕಿ, ಮೇಲೊಂದು ಚೂರು ಹಸಿ ಈರುಳ್ಳಿ. ಬೆಂಗಳೂರಿನಿಂದ ಬಂದ ನೆಂಟರಿಗೆ ಇದನ್ನು ಹೀಗೇ ತಿನ್ನಬೇಕೆಂದು ನಮ್ಮ ಗಿರಾಕಿಗಳೇ ಪಾಠ ಮಾಡುವುದನ್ನು ಕೇಳುತ್ತಾ ನಿಲ್ಲುವುದು ನನಗೆ ಖುಷಿ. ಆ ತಟ್ಟೆ ಖಾಲಿಯಾಗುವ ಹೊತ್ತಿಗೆ ಒಳಗೆ ರೊಟ್ಟಿ ಬಡಿಯಲು ಶುರುವಾಗಿರುತ್ತದೆ.

ಪಾರ್ಸೆಲ್ ಕೇಳುವವರಿಗೆ ಮಾತ್ರ ನಮ್ಮದು ಸ್ವಲ್ಪ ಬಿಗಿ. ನ್ಯೂಸ್‌ಪೇಪರಿನ ಶಾಯಿ ಬಿಸಿ ಎಣ್ಣೆಗೆ ಬಿಡುವುದರಿಂದ ಅದರಲ್ಲಿ ಕಟ್ಟುವುದಿಲ್ಲ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೂ ಇಲ್ಲ. ಮುಚ್ಚಳದಲ್ಲಿ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಒಂದೇ ಪದರವಾಗಿ ಜೋಡಿಸಿ ಕೊಡುತ್ತೇವೆ. ಹತ್ತಿರದ ಬಡಾವಣೆಗಳ ತನಕ ಅದು ಚೆನ್ನಾಗಿಯೇ ಹೋಗುತ್ತದೆ. ಹರಿಹರಕ್ಕೋ ಚಿತ್ರದುರ್ಗಕ್ಕೋ ಒಯ್ಯುತ್ತೇವೆ ಅಂದರೆ ಬಜ್ಜಿ ಕಟ್ಟುವುದಿಲ್ಲ. ಒಗ್ಗರಣೆ ಮಂಡಕ್ಕಿ ಕಟ್ಟಿಕೊಟ್ಟು, ಜೊತೆಗೆ ನಾಲ್ಕು ಹಸಿ ಮೆಣಸಿನಕಾಯಿ, ಓಂಕಾಳು ಸೇರಿಸಿದ ಒಣ ಹಿಟ್ಟಿನ ಪೊಟ್ಟಣ ಕೊಟ್ಟು, ಮನೆಯಲ್ಲಿ ಬಾಣಲೆ ಇಡಿ ಎಂದು ಹೇಳಿ ಕಳಿಸುತ್ತೇನೆ.