ಆಪರೇಷನ್‌ಗೆ ಹೊರಟವರ ಕೈಯಲ್ಲೊಂದು ಊಟದ ಚೀಟಿ

ನಮ್ಮ ಅತ್ತೆಗೆ ಗೋಧಿ ಆಗಿಬರುವುದಿಲ್ಲ. ಅದಕ್ಕೆ ಸೀಲಿಯಾಕ್ ಕಾಯಿಲೆ ಅನ್ನುತ್ತಾರೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರದ ಮೇಲೆಯೇ ತಿರುಗಿಬೀಳುತ್ತದೆ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಅವರಿಗೆ ಪಿತ್ತಕೋಶದ ಆಪರೇಷನ್ ಆಯಿತು. ಗೋಧಿಯ ವಿಷಯವನ್ನು ದಾಖಲಾಗುವಾಗಲೂ ಹೇಳಿದ್ದೆವು, ಡಾಕ್ಟರಿಗೂ ಹೇಳಿದ್ದೆವು. ಮರುದಿನ ನಾನು ಔಷಧಿ ತರಲು ಕೆಳಗೆ ಹೋದಾಗ ವಾರ್ಡಿನಲ್ಲಿ ಪಾಳಿ ಬದಲಾಗಿತ್ತು. "ಮಾಲ್ಟ್ ಅಜ್ಜಿ, ಕುಡೀರಿ, ಶಕ್ತಿ ಬರುತ್ತೆ" ಎಂದು ಯಾರೋ ಪ್ರೀತಿಯಿಂದಲೇ ಲೋಟ ಕೊಟ್ಟಿದ್ದಾರೆ. ಅತ್ತೆ ರಾಗಿ ಮಾಲ್ಟ್ ಎಂದುಕೊಂಡು ಕುಡಿದಿದ್ದಾರೆ. ಡಬ್ಬಿಯ ಮಾಲ್ಟ್ ಪುಡಿಯಲ್ಲಿ ಇರುವುದು ಬಾರ್ಲಿ, ಗೋಧಿ. ಸಂಜೆಯೊಳಗೆ ಹೊಟ್ಟೆನೋವು, ಭೇದಿ ಶುರುವಾಯಿತು. ಹೊಸ ಹೊಲಿಗೆಯ ಹೊಟ್ಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಅವರು ರಾತ್ರಿ ಆರೇಳು ಸಲ ಎದ್ದರು.

ಬಾಯಲ್ಲಿ ಹೇಳಿದ್ದು ಪಾಳಿ ಬದಲಾದಾಗ ಕಳೆದುಹೋಗುತ್ತದೆ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಆಪರೇಷನ್‌ಗೆಂದು ದಾವಣಗೆರೆಗೆ ಬರುವವರ ಜೊತೆ ಇರುವವರು ಒಬ್ಬಿಬ್ಬರೇ, ಅವರೂ ದಿನಕ್ಕೊಬ್ಬರಂತೆ ಬದಲಾಗುತ್ತಾರೆ. ಆದ್ದರಿಂದ ಊಟದ ವಿಷಯ ಕಾಗದದ ಮೇಲೆ ಇರಲೇಬೇಕು.

ವಾರ ಮೊದಲೇ ಚೀಟಿ ಬರೆಯಿರಿ

"ಗ್ಲುಟೆನ್ ಬೇಡ", "ಡಯಾಬಿಟಿಕ್ ಡಯಟ್" ಎಂದು ಬರೆದರೆ ಅಡುಗೆಮನೆಯವರಿಗೆ ಅರ್ಥವಾಗುವುದಿಲ್ಲ. ತಿಂಡಿಯ ಹೆಸರನ್ನೇ ಬರೆಯಿರಿ. ನಮ್ಮ ಚೀಟಿ ಈಗ ಹೀಗಿದೆ: "ಚಪಾತಿ, ರವೆ ಉಪ್ಪಿಟ್ಟು, ರವೆ ಇಡ್ಲಿ, ಶಾವಿಗೆ, ಬ್ರೆಡ್, ಬಿಸ್ಕತ್ತು, ಡಬ್ಬಿಯ ಮಾಲ್ಟ್ ಪುಡಿ, ಅಂಗಡಿಯ ಇಂಗು ಕೊಡಬೇಡಿ. ಅನ್ನ, ಅಕ್ಕಿ ಇಡ್ಲಿ, ಜೋಳದ ರೊಟ್ಟಿ, ರಾಗಿ ಗಂಜಿ, ಹೆಸರುಬೇಳೆ, ಮೊಸರು ಕೊಡಬಹುದು. ತಪ್ಪಿ ಕೊಟ್ಟರೆ ಭೇದಿ ಆಗುತ್ತದೆ." ಇಂಗು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಅಂಗಡಿಯ ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸಿರುವುದು ಸಾಮಾನ್ಯ.

ಅಲರ್ಜಿ ಇದ್ದರೆ ಅದನ್ನು ಕೆಂಪು ಪೆನ್ನಿನಲ್ಲಿ ಮೇಲೆಯೇ ಬರೆಯಿರಿ. ಶೇಂಗಾ ತಿಂದರೆ ಉಸಿರು ಕಟ್ಟುವವರಿಗೂ ಶೇಂಗಾ ಇಷ್ಟವಿಲ್ಲದವರಿಗೂ ಇರುವ ವ್ಯತ್ಯಾಸ ಓದಿದ ಕೂಡಲೇ ತಿಳಿಯಬೇಕು. ಆಚಾರದ ವಿಷಯವನ್ನೂ ಸಂಕೋಚಪಡದೆ ಸೇರಿಸಿ. ಲಿಂಗಪೂಜೆ ಆಗದೆ ಏನನ್ನೂ ಮುಟ್ಟದ ಹಿರಿಯರಿದ್ದಾರೆ, ಸೂರ್ಯ ಮುಳುಗಿದ ಮೇಲೆ ಉಣ್ಣದ, ಗೆಡ್ಡೆಗೆಣಸು ತಿನ್ನದ ಜೈನರಿದ್ದಾರೆ, ಹಲಾಲ್ ಆಗದ ಮಾಂಸ ಬೇಡವೆನ್ನುವವರಿದ್ದಾರೆ. ಮೊದಲೇ ತಿಳಿದರೆ ಊಟದ ಜೊತೆ ತೆಗೆದುಕೊಳ್ಳುವ ಮಾತ್ರೆಗಳ ಸಮಯವನ್ನು ಹೊಂದಿಸಲು ಡಾಕ್ಟರು ಯೋಚಿಸಬಹುದು. ಕ್ಯಾಪ್ಸೂಲಿನ ಮೇಲುಹೊದಿಕೆ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್. ಅದು ಬೇಡವಾದರೆ ಮಾತ್ರೆಯೋ ಸಿರಪ್ಪೋ ಸಿಗುತ್ತದೆಯೇ ಎಂದು ಕೇಳಿ.

ಮೂರು ಪ್ರತಿ ಮಾಡಿಸಿ. ಒಂದು ಕೇಸ್ ಶೀಟಿಗೆ, ಒಂದು ಮಂಚದ ತಲೆಯ ಹತ್ತಿರ ಅಂಟಿಸಲು, ಇನ್ನೊಂದು ಊಟ ತಂದುಕೊಡುವವರ ಕೈಗೆ.

ಫಿಟ್‌ನೆಸ್ ನೋಡುವ ದಿನ

ಅರಿವಳಿಕೆ ಡಾಕ್ಟರು ನೋಡುವ ದಿನ ಚೀಟಿಯನ್ನೂ, ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೊಟ್ಟೆ, ಸೋಯಾ ಅಲರ್ಜಿ ಇದ್ದರೆ ಇಲ್ಲಿ ಹೇಳಬೇಕು. ಅರಿವಳಿಕೆಗೆ ಬಳಸುವ ಪ್ರೊಪೊಫಾಲ್‌ನಲ್ಲಿ ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್ ಇರುತ್ತವೆ. ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ, ಆದರೆ ತೀರ್ಮಾನ ಡಾಕ್ಟರದ್ದಾಗಿರಲಿ.

ಸಕ್ಕರೆ ಕಾಯಿಲೆಯವರು ಗಮನಿಸಬೇಕಾದ್ದು ಇನ್ನೊಂದಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ. ಉಪವಾಸದಲ್ಲಿ ಇವುಗಳನ್ನು ತೆಗೆದುಕೊಂಡರೆ ಸಕ್ಕರೆ ಅಂಥ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ಹಿಂದಿನ ದಿನ ನೆನಪಾದರೆ ತಡವಾಯಿತು. ಇನ್ಸುಲಿನ್ ಎಷ್ಟು, ಯಾವಾಗ ಎಂಬುದನ್ನು ಬರೆಸಿಕೊಂಡೇ ಬನ್ನಿ, ನೀವಾಗಿಯೇ ಬಿಡಬೇಡಿ. ಬೆಳಗಿನ ಮೊದಲ ಆಪರೇಷನ್ ಆಗಿ ಹಾಕಿಕೊಡಿ ಎಂದೂ ಕೇಳಿ, ಬರಿಹೊಟ್ಟೆಯ ಹೊತ್ತು ಕಡಿಮೆಯಾಗುತ್ತದೆ.

ಬರಿಹೊಟ್ಟೆ

ಅರಿವಳಿಕೆಯಲ್ಲಿ ಗಂಟಲಿನ ಕಾವಲು ನಿದ್ದೆ ಹೋಗಿರುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಎಣ್ಣೆಯಲ್ಲಿ ಕರಿದದ್ದು, ಮಾಂಸದೂಟ ಆಗಿದ್ದರೆ 8 ಗಂಟೆ, ಹಗುರ ತಿಂಡಿ ಅಥವಾ ಹಾಲು ಆಗಿದ್ದರೆ 6 ಗಂಟೆ, ನೀರಿಗೆ 2 ಗಂಟೆ ಎಂಬುದು ಸಾಮಾನ್ಯ ಲೆಕ್ಕ. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅದೇ ಅಂತಿಮ. ಮಜ್ಜಿಗೆ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಎಷ್ಟೇ ತೆಳ್ಳಗಿರಲಿ. "ಪಾಪ, ಒಂದು ಗುಟುಕು" ಎಂದು ಕೊಟ್ಟು ಆಪರೇಷನ್ ಮುಂದೆ ಹೋದದ್ದನ್ನು ನಾನೇ ನೋಡಿದ್ದೇನೆ.

ಕಾಯುವಾಗ ಸಕ್ಕರೆ ಕಾಯಿಲೆಯವರಿಗೆ ಬೆವರು, ನಡುಕ ಬಂದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ರಕ್ತದ ಸಕ್ಕರೆ 70ಕ್ಕಿಂತ (mg/dL) ಕೆಳಗಿಳಿದರೆ ಡ್ರಿಪ್‌ನಲ್ಲೇ ಗ್ಲೂಕೋಸ್ ಕೊಡಬಲ್ಲರು. ಬಾಯಿಗೆ ಸಕ್ಕರೆ ಹಾಕುವ ಕೆಲಸ ಕೇಳದೆ ಮಾಡಬೇಡಿ.

ಆಪರೇಷನ್ ಆದಮೇಲೆ

ಯಾವಾಗ ಏನು ಕೊಡಬೇಕೆಂಬ ಮಾತು ರೌಂಡ್ಸ್‌ನಲ್ಲಿ ಬರುತ್ತದೆ. ಆಗ ಮಂಚದ ಪಕ್ಕದಲ್ಲಿರಿ. ತಟ್ಟೆ ಬಂದಾಗ ಚೀಟಿಗೆ ಹೋಲಿಸಿ ನೋಡಿ, ಆಮೇಲೆ ತುತ್ತು ಕೊಡಿ.

ನಮ್ಮವರು ನೋಡಲು ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಎಳನೀರು, ಬಾಳೆಹಣ್ಣು, ಬ್ರೆಡ್ಡು, ಒಮ್ಮೊಮ್ಮೆ ಬೆಣ್ಣೆದೋಸೆ ಪಾರ್ಸೆಲ್ಲೂ ಬರುತ್ತದೆ. ಇವುಗಳಲ್ಲಿ ನನಗೆ ಹೆಚ್ಚು ಭಯ ಎಳನೀರಿನದು, ಏಕೆಂದರೆ ಅದು ಎಲ್ಲರಿಗೂ ಒಳ್ಳೆಯದೆಂಬ ನಂಬಿಕೆ ಅಷ್ಟು ಗಟ್ಟಿ. ಕಿಡ್ನಿ ತೊಂದರೆ ಇರುವವರಲ್ಲಿ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರಿನಲ್ಲಿ, ಬಾಳೆಹಣ್ಣಿನಲ್ಲಿ ಅದು ಹೇರಳ. ಉಪ್ಪು ಕಡಿಮೆ ಮಾಡಲೆಂದು ತರುವ "ಲೋ ಸೋಡಿಯಂ" ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ಹೃದಯದ ಕವಾಟ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಗೇ ಹೆಚ್ಚಿಸುವುದೂ ಬೇಡ, ಬಿಡುವುದೂ ಬೇಡ, ಮಾತ್ರೆಯ ಪರಿಣಾಮ ಏರುಪೇರಾಗುತ್ತದೆ. ಬಂದವರಿಗೆ ಬೇಸರ ಮಾಡದೆ "ಅಲ್ಲಿಡಿ ಅಕ್ಕ, ಡಾಕ್ಟರನ್ನ ಕೇಳಿ ಕೊಡ್ತೀವಿ" ಅಂದರೆ ಸಾಕು.

ಮನೆಯಿಂದ ಬುತ್ತಿ ತರುವುದಾದರೆ

ಮೊದಲು ಆಸ್ಪತ್ರೆಯ ಒಪ್ಪಿಗೆ ಪಡೆಯಿರಿ. ಬಿಸಿಯಾಗಿ ಡಬ್ಬಿಗೆ ಹಾಕಿ, ಅಡುಗೆಯಾದ ಎರಡು ಗಂಟೆಯೊಳಗೆ ಉಣಿಸಿ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆಳಗಿನ ಅನ್ನವನ್ನು ಮಧ್ಯಾಹ್ನಕ್ಕೆ ನಂಬುವಂತಿಲ್ಲ.

ಗೋಧಿ ಆಗದವರಿಗೆ ಜೋಳದ ರೊಟ್ಟಿ ದೊಡ್ಡ ಆಸರೆ, ಆದರೆ ಗಿರಣಿಯ ಕಡೆ ಗಮನವಿರಲಿ. ಗೋಧಿ ಬೀಸಿದ ಕಲ್ಲಿಗೇ ನಿಮ್ಮ ಜೋಳ ಸುರಿದರೆ ಹಿಟ್ಟಿನಲ್ಲಿ ಗೋಧಿ ಬಂದೇ ಬರುತ್ತದೆ. ನಾವು ಮನೆಯ ಮಿಕ್ಸಿಯಲ್ಲೇ ಬೀಸಿ ಜರಡಿ ಹಿಡಿಯುತ್ತೇವೆ. ಕಷ್ಟದ ಕೆಲಸ, ಆದರೆ ನಾಲ್ಕು ದಿನಕ್ಕೆ ಎರಡು ಸೇರು ಸಾಕಾಗುತ್ತದೆ. ಖಾನಾವಳಿಯಿಂದ ತರುವುದಾದರೆ ರೊಟ್ಟಿಗೆ ಗೋಧಿ ಹಿಟ್ಟು ಬೆರೆಸುತ್ತಾರೆಯೇ, ಉದುರಿಸುತ್ತಾರೆಯೇ ಎಂದು ಕೇಳಿ.

ಡಿಸ್ಚಾರ್ಜ್ ದಿನ

ಮನೆಗೆ ಬಂದಮೇಲೆ "ನಂಜು" ಶುರುವಾಗುತ್ತದೆ. ಬೇಳೆ ನಂಜು, ಮೊಟ್ಟೆ ನಂಜು, ಶೇಂಗಾ ನಂಜು, ಗಾಯ ಕೀವಾಗುತ್ತದೆ ಎಂದು ತಿಂಗಳುಗಟ್ಟಲೆ ಬರೀ ಅನ್ನ, ತಿಳಿಸಾರು. ಹಿರಿಯರು ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಗಾಯ ಕೂಡಲು ಪ್ರೋಟೀನ್ ಬೇಕೇ ಬೇಕು, ಮತ್ತು ಅದು ಇರುವುದು ಬೇಳೆ, ಮೊಸರು, ಮೊಟ್ಟೆಯಲ್ಲೇ. ಸಕ್ಕರೆ ಕಾಯಿಲೆಯವರಿಗೆ ಬರೀ ಅನ್ನ ಕೊಟ್ಟರೆ ಸಕ್ಕರೆ ಏರಿ ಗಾಯ ಮಾಯುವುದು ಇನ್ನೂ ತಡವಾಗುತ್ತದೆ. ಕಿಡ್ನಿ ತೊಂದರೆಯವರು ಮಾತ್ರ ಪ್ರೋಟೀನಿನ ಅಳತೆಯನ್ನು ಡಾಕ್ಟರ ಹತ್ತಿರ ಕೇಳಬೇಕು.

ಮನೆಯಲ್ಲಿ ಈ ವಾದಕ್ಕೆ ನಿಲ್ಲುವುದು ಕಷ್ಟ. ಡಿಸ್ಚಾರ್ಜ್ ಚೀಟಿ ಬರೆಯುವಾಗ ಡಾಕ್ಟರ ಹತ್ತಿರ "ಹೆಸರುಬೇಳೆ, ಮೊಸರು ದಿನಾ ಕೊಡಬಹುದು" ಎಂಬ ಒಂದು ಸಾಲನ್ನು ಕನ್ನಡದಲ್ಲೇ ಬರೆಸಿಕೊಳ್ಳಿ. ನಮ್ಮ ಅತ್ತೆ ಆ ಸಾಲನ್ನು ತಮ್ಮ ಅಕ್ಕನಿಗೆ ಎರಡು ಸಲ ಓದಿ ಹೇಳಿದ ಮೇಲೆಯೇ ಬೇಳೆಯ ಬಟ್ಟಲು ಕೈಗೆತ್ತಿಕೊಂಡರು.