ಸೆನ್ಸರ್ ಬದಲಿಸಿದೆ, ದೀಪ ಮಾತ್ರ ಆರಲಿಲ್ಲ

"ಕಾರು ಸ್ಟಾರ್ಟ್ ಮಾಡಿದ ಕೂಡಲೇ ಟೈರಿನ ಹಳದಿ ದೀಪ ಒಂದು ನಿಮಿಷ ಮಿಣುಕುತ್ತೆ, ಆಮೇಲೆ ಹಾಗೇ ಉರೀತಾ ಇರುತ್ತೆ" ಅಂದರು ಕಾರಿನ ಯಜಮಾನರು. ಗೇಜ್ ಇಟ್ಟು ನೋಡಿದೆ. ನಾಲ್ಕೂ ಟೈರಿನಲ್ಲಿ ಗಾಳಿ ಸರಿಯಾಗಿಯೇ ಇತ್ತು. ಇರಬೇಕಾದ್ದೇ. ಗಾಳಿ ಕಡಿಮೆಯಾದರೆ ದೀಪ ಮಿಣುಕದೆ ನೇರವಾಗಿ ಉರಿಯುತ್ತದೆ. ಮೊದಲು ಮಿಣುಕಿ ಆಮೇಲೆ ಉರಿದರೆ ಕೆಟ್ಟಿರುವುದು ಗಾಳಿ ಅಳೆಯುವ ವ್ಯವಸ್ಥೆ. ಎಷ್ಟು ಗಾಳಿ ಹಿಡಿಸಿದರೂ ದೀಪ ಆರುವುದಿಲ್ಲ. ಪ್ರತಿ ಚಕ್ರದೊಳಗಿನ ಸೆನ್ಸರ್ ಗಾಳಿ ಅಳೆದು ರೇಡಿಯೋ ಸಿಗ್ನಲ್‌ನಲ್ಲಿ ಹೇಳುತ್ತದೆ, ಕಾರಿನ ರಿಸೀವರ್ ಅದನ್ನು ಕೇಳಿಸಿಕೊಳ್ಳುತ್ತದೆ.

ಸ್ಕ್ಯಾನರ್ ಹಾಕಿದರೆ ಬಲಗಡೆ ಹಿಂದಿನ ಚಕ್ರದಿಂದ ಸಿಗ್ನಲ್ ಇಲ್ಲ ಅಂತ ಕೋಡ್ ಬಂತು. ಕಾರಿಗೆ ಆರು ವರ್ಷ. ಈ ಸೆನ್ಸರ್‌ಗಳೊಳಗಿನ ಲಿಥಿಯಂ ಸೆಲ್ ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದೆ. ಅಂಟು ಸುರಿದು ಮುಚ್ಚಿರುವುದರಿಂದ ಸೆಲ್ ಮಾತ್ರ ಬದಲಿಸಲು ಆಗುವುದಿಲ್ಲ. ಸೆಲ್ ಮುಗಿದಿದೆ ಅಂದುಕೊಂಡೆ. ಟೈರ್ ಬಿಚ್ಚಿ ಹೊಸ ಸೆನ್ಸರ್ ಕೂರಿಸಿ ಅದರ ಐಡಿಯನ್ನು, ಅಂದರೆ ಗುರುತಿನ ಸಂಖ್ಯೆಯನ್ನು, ಕಾರಿಗೆ ಕಲಿಸಿದೆ. ದೀಪ ಆರಿತು. ನನಗೂ ಖುಷಿ, ಅವರಿಗೂ ಖುಷಿ.

ನಾಲ್ಕನೇ ದಿನ ವಾಪಸ್ ಬಂದರು. ಈ ಸಲ ಕಾರಿನ ಪರದೆಯಲ್ಲಿ ಹಿಂದಿನ ಎರಡೂ ಚಕ್ರಗಳ ಒತ್ತಡ ಕಾಣಬೇಕಾದ ಜಾಗದಲ್ಲಿ ಬರೀ ಗೆರೆ.

ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಆಗ ಶುರು ಮಾಡಿದೆ. ಈ ಸೆನ್ಸರ್ ಸೆಲ್ ಉಳಿಸುವುದಕ್ಕಾಗಿ ಕಾರು ನಿಂತಾಗ ನಿದ್ದೆ ಮಾಡುತ್ತದೆ. ಕಾರು ಗಂಟೆಗೆ 25–30 ಕಿ.ಮೀ. ವೇಗ ಹಿಡಿದಾಗ ಏಳುತ್ತದೆ. ಆಮೇಲೆ ಹೆಚ್ಚೂಕಡಿಮೆ ನಿಮಿಷಕ್ಕೊಮ್ಮೆ ತನ್ನ ಐಡಿ, ಒತ್ತಡ, ಬಿಸಿ ಎಷ್ಟು ಅಂತ ಕೆಲವೇ ಮಿಲಿಸೆಕೆಂಡಿನಲ್ಲಿ ಕೂಗಿ ಸುಮ್ಮನಾಗುತ್ತದೆ. ನಿಂತ ಕಾರಿನಲ್ಲಿ ಅದನ್ನು ಮಾತಾಡಿಸಬೇಕು ಅಂದರೆ ಟ್ರಿಗರ್ ಟೂಲ್ ಬೇಕು. ವಾಲ್ವ್ ಪಕ್ಕ ಹಿಡಿದು ಬಟನ್ ಒತ್ತಿದರೆ ಅದು 125 ಕಿಲೋಹರ್ಟ್ಜ್‌ನಲ್ಲಿ ತಟ್ಟಿ ಎಬ್ಬಿಸುತ್ತದೆ.

ನಾಲ್ಕೂ ಸೆನ್ಸರ್ ತಕ್ಷಣ ಉತ್ತರ ಕೊಟ್ಟವು. ಹಿಂದಿನ ಎರಡೂ 33 ಪಿಎಸ್ಐ, ಬ್ಯಾಟರಿ ಓಕೆ, 433.92 ಮೆಗಾಹರ್ಟ್ಜ್. ಅಂದರೆ ಬಾಯಿ ಸರಿ ಇದೆ. ಮುಂದಿನ ಎರಡು ಚಕ್ರಗಳ ಮಾತು ಕಾರಿಗೆ ಕೇಳಿಸುತ್ತಿದೆ, ರಿಸೀವರ್ ಬಗ್ಗೆ ಯಾವ ಕೋಡೂ ಇಲ್ಲ. ಕಿವಿಯೂ ಸರಿ ಇದ್ದ ಹಾಗಿತ್ತು. ಆದರೆ ಒಂದು ಮಾತು: ಟೂಲ್ ಇರುವುದು ವಾಲ್ವ್‌ನಿಂದ ಒಂದು ಗೇಣು ದೂರದಲ್ಲಿ. ಪಿಸುಮಾತೂ ಅದಕ್ಕೆ ಕೇಳಿಸುತ್ತದೆ. ಟೂಲ್‌ಗೆ ಕೇಳಿಸಿತು ಅಂದ ಮಾತ್ರಕ್ಕೆ ಕಾರಿಗೂ ಕೇಳಿಸಬೇಕು ಅಂತಿಲ್ಲ.

ಹಾಗಾಗಿ ಚಕ್ರಗಳನ್ನೇ ಅದಲು ಬದಲು ಮಾಡಿದೆ. ಬಲಗಡೆ ಹಿಂದಿನದು ಎಡಗಡೆ ಮುಂದಕ್ಕೆ, ಅಲ್ಲಿದ್ದದ್ದು ಇಲ್ಲಿಗೆ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ, ನಾನೂ ಹಿಂದೆ ಎಡವಿದ್ದೇನೆ. ಚಕ್ರದ ಜಾಗ ತಾನೇ ಗುರುತಿಸದ ಕಾರುಗಳಿಗೆ ಗೊತ್ತಿರುವುದು ಐಡಿ ಮಾತ್ರ. ಚಕ್ರ ಎಲ್ಲಿಗೆ ಹೋದರೂ ಪರದೆಯಲ್ಲಿ ಹಳೇ ಜಾಗದ ಹೆಸರೇ ಬರುತ್ತದೆ. ಅದಕ್ಕೇ ಪ್ರತಿ ಟೈರಿನ ಮೇಲೆ ಐಡಿಯ ಕೊನೆಯ ನಾಲ್ಕು ಅಕ್ಷರಗಳನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡು ಇಪ್ಪತ್ತು ನಿಮಿಷ ಓಡಿಸಿದೆ. ಪರದೆಯಲ್ಲಿ ಎಡಗಡೆ ಮುಂದಿನ ಚಕ್ರ ಮಾಯ! ಸೀಮೆಸುಣ್ಣ ನೋಡಿದರೆ ಆ ಐಡಿಯ ಚಕ್ರ ಈಗ ಕೂತಿರುವುದು ಹಿಂದೆ. ಮುಂದೆ ಹೋದ ಹೊಸ ಸೆನ್ಸರ್ ಚೆನ್ನಾಗಿ ಮಾತಾಡುತ್ತಿತ್ತು.

ತೊಂದರೆ ಸೆನ್ಸರ್ ಜೊತೆ ಓಡಾಡಲಿಲ್ಲ, ಜಾಗದಲ್ಲೇ ಉಳಿಯಿತು. ಈ ಕಾರಿನಲ್ಲಿ ರಿಸೀವರ್ ಇರುವುದು ಡ್ಯಾಶ್‌ಬೋರ್ಡ್ ಹಿಂದೆ. ಹಿಂದಿನ ಚಕ್ರಗಳು ದೂರ. ರೇಡಿಯೋ ಗದ್ದಲ ಜಾಸ್ತಿಯಾದರೆ ದೂರದವರ ಮಾತು ಮೊದಲು ಕೇಳಿಸದೇ ಹೋಗುತ್ತದೆ, ಅಲ್ವಾ? ಹೊಸ ಸೆನ್ಸರ್ ಸ್ವಲ್ಪ ಜೋರಾಗಿ ಕೂಗಿ ಮೂರು ದಿನ ತಳ್ಳಿರಬೇಕು.

ಗದ್ದಲ ಎಲ್ಲಿಂದ ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ಯಜಮಾನರು ಸುಮ್ನೆ ಮಾತಿಗೆ ಅಂದರು: "ಸರ್, ಈ ರಿಮೋಟೂ ಈಗೀಗ ಕಾರಿನ ಪಕ್ಕಕ್ಕೆ ಬಂದರೇನೇ ಕೆಲಸ ಮಾಡೋದು. ಸೆಲ್ ಬದಲಿಸಿದೆ, ಆದರೂ ಅಷ್ಟೇ."

ಮೊದಲ ದಿನವೇ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಬಹಳಷ್ಟು ಕಾರುಗಳಲ್ಲಿ ಕೀ ರಿಮೋಟ್ ಮತ್ತು ಟೈರ್ ಸೆನ್ಸರ್ ಎರಡಕ್ಕೂ ಒಂದೇ ರಿಸೀವರ್, ಒಂದೇ ಫ್ರೀಕ್ವೆನ್ಸಿ. "ಹೊಸದಾಗಿ ಏನಾದರೂ ಹಾಕಿಸಿದ್ರಾ?" ಅಂದೆ. "ಡ್ಯಾಶ್ ಕ್ಯಾಮೆರಾ. ನಿಲ್ಲಿಸಿದಾಗಲೂ ರೆಕಾರ್ಡ್ ಆಗಲಿ ಅಂತ ಬ್ಯಾಟರಿಗೇ ನೇರ ಕನೆಕ್ಷನ್ ಕೊಡಿಸಿದ್ದೀನಿ."

ಲ್ಯಾಪ್‌ಟಾಪ್‌ಗೆ ಎಸ್‌ಡಿಆರ್ ಡಾಂಗಲ್ ಸಿಕ್ಕಿಸಿದೆ. ಬೆರಳಷ್ಟು ಉದ್ದದ ರೇಡಿಯೋ ಅದು, ಟಿವಿ ನೋಡಲು ಮಾಡಿದ ಚಿಪ್ಪನ್ನೇ ಬೇರೆ ಕೆಲಸಕ್ಕೆ ಹಚ್ಚಿದ್ದು. 433.92ಕ್ಕೆ ಇಟ್ಟು ಅದರ ಆಂಟೆನಾವನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟೆ. ಸಿಗ್ನಲ್ ಇಲ್ಲದಾಗ ಕಪ್ಪಗಿರಬೇಕಾದ ಲ್ಯಾಪ್‌ಟಾಪ್ ಪರದೆಯ ತುಂಬ ಹಳದಿ ಮಬ್ಬು ಪಟ್ಟಿಗಳು, ಮಳೆ ನೀರು ಇಳಿದ ಗೋಡೆಯ ಹಾಗೆ. ಟ್ರಿಗರ್ ಟೂಲ್ ಹಿಡಿದು ಹಿಂದಿನ ಸೆನ್ಸರ್ ಎಬ್ಬಿಸಿದರೆ ಅದರ ಗೆರೆ ಆ ಮಬ್ಬಿನಲ್ಲಿ ಕಂಡೂ ಕಾಣದ ಹಾಗೆ ಹೋಯಿತು. ಆಮೇಲೆ ಕ್ಯಾಮೆರಾದ ಫ್ಯೂಸ್ ಕಿತ್ತೆ. ಕೂಡಲೇ ಪರದೆ ಕಪ್ಪಾಯಿತು. ಮತ್ತೆ ಎಬ್ಬಿಸಿದರೆ ಅದರ ಗೆರೆ ಚೂಪಾಗಿ ಎದ್ದು ಕಂಡಿತು.

ಕ್ಯಾಮೆರಾಗಾಗಿ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಪುಟ್ಟ ಡಬ್ಬಿಯ ಕಿತಾಪತಿ ಇದು. ಅದರೊಳಗಿನ ಸ್ವಿಚ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್–ಆಫ್ ಆಗುತ್ತದೆ. ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಆ ಕೊಳೆ ನೂರಾರು ಮೆಗಾಹರ್ಟ್ಜ್‌ವರೆಗೂ ಹರಡುತ್ತದೆ, ಉದ್ದದ ವೈರೇ ಆಂಟೆನಾ ಆಗುತ್ತದೆ. ಇಲ್ಲಂತೂ ಡಬ್ಬಿಯನ್ನು ರಿಸೀವರ್‌ಗೆ ತಾಗಿಸಿಯೇ ಟೇಪ್ ಸುತ್ತಿದ್ದರು. ಅಗ್ಗದ ಫೋನ್ ಚಾರ್ಜರ್, ಆಮೇಲೆ ಹಾಕಿಸಿದ ಎಲ್‌ಇಡಿ ಬಲ್ಬ್ ಕೂಡ ಇದೇ ಕಾಟ ಕೊಡುವುದನ್ನು ನೋಡಿದ್ದೇನೆ. ಈಗ ಬೇರೆ ಏನನ್ನೂ ಮುಟ್ಟುವ ಮುಂಚೆ ಅವನ್ನೆಲ್ಲ ಕಿತ್ತು ಒಂದು ಸುತ್ತು ಓಡಿಸುತ್ತೇನೆ.

ಎಲ್ಲ ಕೇಸೂ ಇಷ್ಟು ಸುತ್ತಾಡಿಸುವುದಿಲ್ಲ. ಚಳಿ ಇರುವ ಬೆಳಿಗ್ಗೆ ಮಾತ್ರ ಸಿಗ್ನಲ್ ಮಾಯವಾಗಿ ಮಧ್ಯಾಹ್ನ ಸರಿಯಾದರೆ ಸೆಲ್ ಮುಗಿಯುತ್ತಾ ಬಂದಿದೆ ಅಂತಲೇ ನನ್ನ ಮೊದಲ ಅನುಮಾನ, ಚಳಿಗೆ ಅದರ ವೋಲ್ಟೇಜ್ ಕುಸಿಯುತ್ತದೆ. ಅಮೆರಿಕದ ಕಡೆಯ ಬಹಳಷ್ಟು ಕಾರುಗಳಿಗೆ ಬರುವ 315 ಮೆಗಾಹರ್ಟ್ಜ್ ಸೆನ್ಸರನ್ನು 433ರ ಕಾರಿಗೆ ಹಾಕಿ ಅರ್ಧ ದಿನ ಕಳೆದವನೂ ನಾನೇ. ಟೂಲ್ ಎರಡನ್ನೂ ಓದುತ್ತದೆ, ಕಾರು ಓದುವುದಿಲ್ಲ. ಐಡಿಯನ್ನು ಕೈಯಲ್ಲಿ ಟೈಪ್ ಮಾಡುವವರು 8 ಮತ್ತು ಇಂಗ್ಲಿಷಿನ B ಅಕ್ಷರವನ್ನು ಎರಡೆರಡು ಸಲ ನೋಡಿ. ಧೂಳು ಹಿಡಿದ ಸೆನ್ಸರ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಕ್ಯಾಮೆರಾ ಡಬ್ಬಿಯನ್ನು ಫ್ಯೂಸ್ ಪೆಟ್ಟಿಗೆಯ ಆಚೆ ಬದಿಗೆ ಸರಿಸಿ, ವೈರಿನ ಎರಡೂ ತುದಿಗೆ ರೇಡಿಯೋ ಗದ್ದಲ ತಡೆಯುವ ಫೆರೈಟ್ ಮಣಿ ಹಾಕಿದೆ. ಪರದೆಯ ಮಬ್ಬು ಪೂರ್ತಿ ಹೋಗಲಿಲ್ಲ, ಆದರೆ ನಾಲ್ಕೂ ಗೆರೆ ಸ್ಪಷ್ಟವಾಗಿ ಮೇಲೆದ್ದವು. ರಿಮೋಟ್ ಮೊದಲಿನಷ್ಟೇ ದೂರದಿಂದ ಕೆಲಸ ಮಾಡಿತು. ಹೊಸ ಸೆನ್ಸರ್‌ನ ಹಣ ವಾಪಸ್ ಕೊಟ್ಟೆ. ನಾನು ಬಿಚ್ಚಿದ್ದ ಹಳೆಯದು ಈಗಲೂ ಡ್ರಾಯರ್‌ನಲ್ಲಿದೆ. ಟೂಲ್ ಸರಿ ಇದೆಯಾ ಅಂತ ನೋಡಲು ಅದನ್ನೇ ಎಬ್ಬಿಸುತ್ತೇನೆ, ಒಂದು ಸಲವೂ ಉತ್ತರ ತಪ್ಪಿಸಿಲ್ಲ.